ಕಣ್ಣು ಕೊಟ್ಟ ಅಣ್ಣ

ಶರಾವತಿಯ ನೀರು ಲಿಂಗನಮಕ್ಕಿಯಲ್ಲಿ ಅಣೆಕಟ್ಟಿಗೆ ಸಿಕ್ಕಿ ನಿಂತದ್ದು ೧೯೬೪ರಲ್ಲಿ. ಸಾಗರ, ಹೊಸನಗರ ಸೀಮೆಗಳ ಎಷ್ಟೋ ಊರುಗಳು ತಮ್ಮ ತೋಟ ಗದ್ದೆಗಳೊಡನೆ ನೀರಿನಡಿಗೆ ಸೇರಿದುವು. ಆ ತ್ಯಾಗದ ಫಲವಾಗಿ ನಾಡಿನ ಮನೆಮನೆಗೂ ದೀಪ ಬಂದಿತು. ಆದರೆ ದೀಪ ಹೊತ್ತಿದ ಮಾತ್ರಕ್ಕೆ ಕತ್ತಲೆ ತೊಲಗಿತೆಂದು ಹೇಳಲಾಗದು. ದೀಪ ಹೊರಗಿನದು, ಅದನ್ನು ಬರಮಾಡಿಕೊಳ್ಳುವ ಕಣ್ಣು ಒಳಗಿನದು. ಕಣ್ಣಿಗೆ ಪೊರೆ ಕವಿದು ಜಗಲಿಯ ಮೂಲೆಯಲ್ಲಿ ಕುಳಿತ ಮುದುಕನಿಗೆ ಶರಾವತಿಯ ದೀಪವೂ ಒಂದೇ, ಅಮಾವಾಸ್ಯೆಯ ಇರುಳೂ ಒಂದೇ.

ಆ ದಿನಗಳಲ್ಲಿ ನಮ್ಮ ನಾಡಿನವರೇ ಆದ ವೈದ್ಯರೊಬ್ಬರು ಊರಿಂದೂರಿಗೆ ಸಂಚರಿಸುತ್ತ ಈ ಎರಡನೆಯ ಬಗೆಯ ಬೆಳಕನ್ನು ಹಂಚುವ ಕೆಲಸದಲ್ಲಿ ತೊಡಗಿದ್ದರು. ಅವರೇ ಡಾಕ್ಟರ್ ಮುರಿಗೆಪ್ಪ ಚನ್ನವೀರಪ್ಪ ಮೋದಿ. ಜನ ಅವರನ್ನು ಪ್ರೀತಿಯಿಂದ ಕಣ್ಣು ಕೊಟ್ಟ ಅಣ್ಣ ಎಂದು ಕರೆದರು. ಸರ್ಕಾರಗಳು ಕೊಟ್ಟ ಬಿರುದುಗಳು ಅವರಿಗೆ ಹಲವಿದ್ದುವು. ಆದರೆ ಹಳ್ಳಿಯ ಜನ ಕೊಟ್ಟ ಈ ಹೆಸರೇ ಅವುಗಳೆಲ್ಲಕ್ಕಿಂತ ಹೆಚ್ಚು ಕಾಲ ಉಳಿಯುವಂಥದು.

ಮೋದಿಯವರು ಹುಟ್ಟಿದ್ದು ಮೊದಲನೆಯ ಮಹಾಯುದ್ಧದ ದಿನಗಳಲ್ಲಿ, ಅಂದಿನ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ. ಬೀಳಗಿ ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ತಾಲ್ಲೂಕಿನ ಊರು. ಮಲೆನಾಡಿನ ಮಳೆ ನೆರಳುಗಳಲ್ಲಿ ಬೆಳೆದವರಿಗೆ ಆ ನೆಲದ ಬಿಸಿಲಿನ ಕಲ್ಪನೆ ಸುಲಭವಾಗಿ ಬಾರದು. ಬಯಲು, ಬಿಸಿಲು, ಧೂಳು, ಹೊಲದ ದುಡಿಮೆ: ಇವುಗಳ ನಡುವೆ ಅಲ್ಲಿನ ಜನರ ಬಾಳು. ವಯಸ್ಸು ಏರಿದಂತೆ ಕಣ್ಣು ಮಂಜಾಗುವುದು ಅಂದು ಕೂದಲು ನರೆಯುವಷ್ಟೇ ಸಹಜವೆಂದು ಎಲ್ಲರೂ ನಂಬಿದ್ದರು. ಕುರುಡುತನಕ್ಕೆ ಕರ್ಮವನ್ನು ಕಾರಣವೆಂದು ಹೇಳುವವರಿದ್ದರೇ ಹೊರತು, ಕಣ್ಣೊಳಗೆ ಏನಾಗಿದೆಯೆಂದು ನೋಡುವವರು ಇರಲಿಲ್ಲ.

ಹಾಗೆಂದು ನಮ್ಮ ದೇಶಕ್ಕೆ ಕಣ್ಣಿನ ವೈದ್ಯ ಹೊಸತಾಗಿತ್ತೆಂದು ತಿಳಿಯಬಾರದು. ಪೊರೆ ಬಂದ ಮಸೂರವನ್ನು ಸೂಜಿಯಂಥ ಸಲಕರಣೆಯಿಂದ ಪಾಪೆಯ ದಾರಿಯಿಂದ ಪಕ್ಕಕ್ಕೆ ತಳ್ಳುವ ವಿಧಾನವನ್ನು ಸುಶ್ರುತಸಂಹಿತೆಯೇ ವರ್ಣಿಸಿದೆ. ಈ ವಿದ್ಯೆ ಕಾಲಕ್ರಮದಲ್ಲಿ ಊರೂರು ಅಲೆಯುವ ನಾಟಿ ವೈದ್ಯರ ಕೈಗೆ ಬಿದ್ದು, ತಳ್ಳಿದ ದಿನ ಕಣ್ಣು ಕಂಡವರು ಹಲವು ವೇಳೆ ಕೆಲವೇ ದಿನಗಳಲ್ಲಿ ಕೀವುಗಟ್ಟಿದ ಕಣ್ಣನ್ನೇ ಕಳೆದುಕೊಳ್ಳುವ ಸ್ಥಿತಿಗೆ ಬಂದಿತ್ತು. ಹದಿನೆಂಟನೆಯ ಶತಮಾನದ ನಡುವೆ ಫ್ರಾನ್ಸಿನ ಜಾಕ್ ದಾವಿಯೆಲ್ ಪೊರೆಯನ್ನು ತಳ್ಳುವುದರ ಬದಲು ಹೊರಕ್ಕೆ ತೆಗೆಯುವ ಕ್ರಮವನ್ನು ಬಳಕೆಗೆ ತಂದನು. ಆ ಹೊಸ ವಿದ್ಯೆ ನಮ್ಮಲ್ಲಿಗೂ ಬಂದಿತು. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆ ೧೯೧೩ರಷ್ಟು ಹಿಂದೆಯೇ ತನ್ನ ಸ್ವಂತ ಕಟ್ಟಡದಲ್ಲಿ ಕೆಲಸ ನಡೆಸುತ್ತಿತ್ತು. ಆದರೆ ಬೀಳಗಿಯ ಕುರುಡ ರೈತನಿಗೆ ಬೆಂಗಳೂರು ಎಷ್ಟು ದೂರ! ಕಣ್ಣಿಲ್ಲದವನನ್ನು ಕೈ ಹಿಡಿದು ಕರೆದೊಯ್ಯಲು ಕಣ್ಣುಳ್ಳವನೊಬ್ಬ ತನ್ನ ದುಡಿಮೆಯನ್ನು ಬಿಟ್ಟು ಹೊರಡಬೇಕು. ಇಬ್ಬರ ಊಟ, ವಸತಿ, ಪ್ರಯಾಣಗಳ ಖರ್ಚು ಒದಗಬೇಕು. ಆಸ್ಪತ್ರೆಯಿದ್ದರೂ ಇಲ್ಲದಂತೆಯೇ ಆಗಿತ್ತು.

ತರುಣ ಮೋದಿಯವರು ಬೆಳಗಾವಿಯಲ್ಲಿ ವೈದ್ಯಶಿಕ್ಷಣವನ್ನು ಪಡೆದರು. ಅವರ ಬಾಳು ತಿರುಗಿದ್ದು ೧೯೪೨ರಲ್ಲಿ. ದೇಶದಲ್ಲೆಲ್ಲ ಚಲೇಜಾವ್ ಚಳವಳಿಯ ಕಾವು ಹರಡಿದ ಆ ವರ್ಷ ಅವರು ಮುಂಬಯಿಯಲ್ಲಿ ಗಾಂಧೀಜಿಯವರ ಭಾಷಣವನ್ನು ಕೇಳಿದರು. ಕೇಳಿದ ಮೇಲೆ ಬಡವರ ಕಣ್ಣಿನ ಸೇವೆಗೆ ತಮ್ಮ ಬಾಳನ್ನು ಮೀಸಲಿಡಲು ನಿಶ್ಚಯಿಸಿದರು. ಗಾಂಧೀಜಿಯವರ ಮಾತು ಕೇಳಿ ಸೆರೆಮನೆಗೆ ಹೋದವರು ಸಾವಿರಾರು ಮಂದಿ. ಚರಕ ಹಿಡಿದವರು, ಶಾಲೆ ತೆರೆದವರು ಅನೇಕರು. ಮೋದಿಯವರು ಹಿಡಿದದ್ದು ಕಣ್ಣಿನ ವೈದ್ಯನ ಚೂರಿಯನ್ನು. ಹಳ್ಳಿ ಆಸ್ಪತ್ರೆಗೆ ಬರಲಾರದಾದರೆ ಆಸ್ಪತ್ರೆಯೇ ಹಳ್ಳಿಗೆ ಹೋಗಬೇಕೆಂಬುದು ಅವರು ಕಂಡುಕೊಂಡ ಸರಳ ಸೂತ್ರ. ೧೯೪೩ರಿಂದ ಅವರು ಉಚಿತ ನೇತ್ರ ಶಿಬಿರಗಳನ್ನು ನಡೆಸತೊಡಗಿದರು.

ಈ ದಾರಿಯಲ್ಲಿ ಅವರಿಗಿಂತ ಮುಂಚೆ ನಡೆದವರು ಇರಲಿಲ್ಲವೆಂದಲ್ಲ. ಪಂಜಾಬಿನ ಮೋಗಾದಲ್ಲಿ ಡಾಕ್ಟರ್ ಮಥುರಾದಾಸ್ ಪೊರೆಯ ಶಸ್ತ್ರಕ್ರಿಯೆಗೆ ಮನೆಮಾತಾಗಿದ್ದರು. ಸಿಂಧ್ ಪ್ರಾಂತದ ಶಿಕಾರಪುರದಲ್ಲಿ ಹೆನ್ರಿ ಹಾಲೆಂಡ್ ಎಂಬ ಆಂಗ್ಲ ವೈದ್ಯರು ವರ್ಷವರ್ಷವೂ ಶಿಬಿರ ನಡೆಸಿದ್ದರು. ಆದರೆ ಒಂದು ಊರಿನಲ್ಲಿ ನೆಲೆನಿಂತು ಬಂದವರನ್ನು ಉಪಚರಿಸುವುದು ಒಂದು ಮಾರ್ಗ. ಕಣ್ಣಿಲ್ಲದವರಿರುವ ಊರನ್ನೇ ಹುಡುಕಿಕೊಂಡು ಅರ್ಧ ಶತಮಾನ ಅಲೆಯುವುದು ಇನ್ನೊಂದು. ಮೋದಿಯವರದು ಈ ಎರಡನೆಯ ಮಾರ್ಗ.

ಅಂದಿನ ನೇತ್ರ ಶಿಬಿರವೆಂದರೆ ಹೇಗಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ತಿಳಿಯಬೇಕು. ಊರಿನ ಶಾಲೆಯೋ ಛತ್ರವೋ ಆಸ್ಪತ್ರೆಯಾಗಿ ಮಾರ್ಪಡುವುದು. ಊರಿನ ವರ್ತಕರು, ಮಠಗಳು, ಸಂಘಗಳು ಅಕ್ಕಿ ಬೇಳೆ ಒದಗಿಸುವರು. ತರುಣರು ನೀರು ಹೊರುವರು. ಎತ್ತಿನ ಗಾಡಿಗಳಲ್ಲಿ, ಕಾಲುನಡಿಗೆಯಲ್ಲಿ, ಮೊಮ್ಮಕ್ಕಳ ಹೆಗಲ ಮೇಲೆ ಕೈಯಿಟ್ಟು ಜನ ಬಂದು ಸೇರುವರು. ಮೊದಲು ಎಲ್ಲರ ಕಣ್ಣಿನ ಪರೀಕ್ಷೆ. ಅವರಲ್ಲಿ ಶಸ್ತ್ರಕ್ರಿಯೆಗೆ ತಕ್ಕವರನ್ನು ಆರಿಸಿ, ಕಣ್ಣಿನ ಸುತ್ತ ತೊಳೆದು, ಜಡವಾಗುವ ಮದ್ದನ್ನು ಚುಚ್ಚಿ, ಮೇಜುಗಳ ಮೇಲೆ ಸಾಲಾಗಿ ಮಲಗಿಸುವರು. ಒಬ್ಬನ ಕಣ್ಣು ಮುಗಿಯುವುದರೊಳಗೆ ಮುಂದಿನವನು ಸಿದ್ಧನಾಗಿರುವನು. ಆಮೇಲೆ ಪಟ್ಟಿ ಕಟ್ಟಿ ಹಲವು ದಿನ ಅಲುಗಾಡದಂತೆ ಮಲಗಿಸುವುದು. ಪಟ್ಟಿ ಬಿಚ್ಚಿದ ಮೇಲೆ ದಪ್ಪ ಗಾಜಿನ ಕನ್ನಡಕ ಕೊಟ್ಟು ಊರಿಗೆ ಕಳುಹಿಸುವುದು. ಅಂದಿನ ಕ್ರಮದಲ್ಲಿ ಮಸೂರವನ್ನು ಪೂರ್ತಿಯಾಗಿ ಹೊರತೆಗೆಯುತ್ತಿದ್ದುದರಿಂದ ಆ ಕನ್ನಡಕವೇ ಕಣ್ಣಿಗೆ ಹೊರಗಿನ ಮಸೂರವಾಗಬೇಕಾಗಿತ್ತು.

ಕೈಯ ವೇಗದಲ್ಲಿ ಮೋದಿಯವರಿಗೆ ಸರಿಸಾಟಿಯಾದವರು ವಿರಳ. ತಿರುಪತಿಯಲ್ಲಿ ಅವರು ಒಂದೇ ದಿನದಲ್ಲಿ ೮೩೩ ಪೊರೆಯ ಶಸ್ತ್ರಕ್ರಿಯೆಗಳನ್ನು ನೆರವೇರಿಸಿದರು. ಹಗಲಿರುಳು ಸೇರಿ ಇಪ್ಪತ್ತನಾಲ್ಕು ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿದರೂ ಒಂದು ಕಣ್ಣಿಗೆ ಎರಡು ನಿಮಿಷವೂ ಬೀಳುವುದಿಲ್ಲ. ಈ ಸಾಧನೆ ಗಿನ್ನೆಸ್ ದಾಖಲೆಯ ಪುಸ್ತಕವನ್ನು ಸೇರಿತು. ಭಾರತ ಸರ್ಕಾರ ೧೯೫೬ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನೂ ೧೯೬೮ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನೂ ಇತ್ತು ಅವರನ್ನು ಗೌರವಿಸಿತು.

ಮೋದಿಯವರ ಮಾತು ಬಂದಾಗಲೆಲ್ಲ ಜನ ಈ ೮೩೩ರ ಸಂಖ್ಯೆಯನ್ನೇ ಹೇಳಿ ಬೆರಗಾಗುವುದುಂಟು. ಅದು ಬೆರಗಾಗತಕ್ಕ ಸಂಖ್ಯೆಯೇ ಸರಿ. ಆದರೆ ಅದೇ ದಾಖಲೆಯಲ್ಲಿ ಬೇರೆ ಮೂರು ಸಂಖ್ಯೆಗಳಿವೆ; ಅವುಗಳ ಮೇಲೆ ಯಾರ ಗಮನವೂ ಅಷ್ಟಾಗಿ ಹರಿದಂತಿಲ್ಲ. ೧೯೯೩ರ ಫೆಬ್ರವರಿಯವರೆಗಿನ ಐವತ್ತು ವರ್ಷಗಳಲ್ಲಿ ಅವರ ಸೇವೆ ಮುಟ್ಟಿದ ಹಳ್ಳಿಗಳು ೪೬,೧೨೦. ಅವರು ಕಂಡ ರೋಗಿಗಳು ೧,೨೧,೧೮,೬೩೦. ನಡೆಸಿದ ಶಸ್ತ್ರಕ್ರಿಯೆಗಳು ೬,೧೦,೫೬೪. ಲೆಕ್ಕ ಬಲ್ಲ ವಾಚಕರು ಎರಡನೆಯ ಸಂಖ್ಯೆಯನ್ನು ಮೂರನೆಯದರಿಂದ ಭಾಗಿಸಿ ನೋಡಲಿ. ಒಬ್ಬರಿಗೆ ಶಸ್ತ್ರಕ್ರಿಯೆ ನಡೆಯಬೇಕಾದರೆ ಹೆಚ್ಚುಕಡಿಮೆ ಇಪ್ಪತ್ತು ಮಂದಿಯನ್ನು ಪರೀಕ್ಷಿಸಿದ್ದಾಯಿತು. ಐವತ್ತು ವರ್ಷ ಒಂದು ದಿನವೂ ಬಿಡುವಿಲ್ಲದೆ ದುಡಿದರೆಂದು ಎಣಿಸಿದರೂ ದಿನವೊಂದಕ್ಕೆ ಆರುನೂರಕ್ಕೂ ಮೀರಿದ ಜನ. ಮೋದಿಯವರ ಬಾಳಿನ ಬಹುಪಾಲು ಕಳೆದದ್ದು ಕಣ್ಣು ಕೊಯ್ಯುವುದರಲ್ಲಿ ಅಲ್ಲ, ಕಣ್ಣು ನೋಡುವುದರಲ್ಲಿ.

ಶಸ್ತ್ರಕ್ರಿಯೆಯ ಮೇಜನ್ನು ಏರದ ಆ ಹತ್ತೊಂಬತ್ತು ಮಂದಿ ಯಾರು? ಶಿಬಿರಕ್ಕೆ ಬಂದವರ ಬಗೆಗಳನ್ನು ಬಲ್ಲವರಿಗೆ ಉತ್ತರ ಕಷ್ಟವಲ್ಲ. ಕೆಲವರಿಗೆ ಬೇಕಾದದ್ದು ಒಂದು ಕನ್ನಡಕ ಮಾತ್ರ; ಅದಿಲ್ಲದೆ ಅವರು ವರ್ಷಗಟ್ಟಲೆ ಮಂಜಿನಲ್ಲಿ ಬದುಕಿದ್ದರು. ಕೆಲವರಿಗೆ ಕಣ್ಣಿನ ಹುಣ್ಣು, ಕೆಂಪು, ನೀರು. ಮದ್ದಿನ ಹನಿಗೆ ವಾಸಿಯಾಗುವಂಥವು. ಕೆಲವರಿಗೆ ಪೊರೆ ಇನ್ನೂ ಬಲಿತಿಲ್ಲವೆಂದು ಮುಂದಿನ ಸಲ ಬರಹೇಳಬೇಕಾಗುತ್ತಿತ್ತು. ಇನ್ನು ಕೆಲವರಿದ್ದರು, ಅವರ ಕಣ್ಣು ಹೊರಗೆ ತಿಳಿಯಾಗಿಯೇ ಇದ್ದು ಒಳಗಿನ ದೃಷ್ಟಿನರ ಒಣಗಿಹೋಗಿರುವುದು. ಅಂಥವರಿಗೆ ಯಾವ ಶಸ್ತ್ರವೂ, ಯಾವ ಕೈಚಳಕವೂ ನೋಟವನ್ನು ಮರಳಿಸಲಾರದು. ಪೊರೆ ಕಸಿದುಕೊಂಡದ್ದನ್ನು ವೈದ್ಯನು ಹಿಂದಕ್ಕೆ ಕೊಡಬಲ್ಲನು. ನರವೇ ಸತ್ತ ಮೇಲೆ ಕೊಡಲಾರನು. ಲಕ್ಷಾಂತರ ಕಣ್ಣುಗಳಿಗೆ ಬೆಳಕು ಕೊಟ್ಟ ಕೈಗಳೂ ಅಲ್ಲಿ ನಿಲ್ಲಲೇಬೇಕಾಗಿತ್ತು.

ಈ ಕೊನೆಯ ಬಗೆಯ ಕುರುಡಿಗೆ ಮುಖ್ಯ ಕಾರಣಗಳಲ್ಲೊಂದು ಗ್ಲಾಕೋಮಾ. ಕಣ್ಣಿನೊಳಗೆ ಸದಾ ಹುಟ್ಟಿ ಹರಿದುಹೋಗುವ ನೀರಿನಂಥ ದ್ರವವೊಂದಿದೆ. ಅದರ ಹೊರದಾರಿ ಕಟ್ಟಿದರೆ ಒಳಗೆ ಒತ್ತಡ ಏರಿ ದೃಷ್ಟಿನರ ಮೆಲ್ಲಮೆಲ್ಲನೆ ನಶಿಸುವುದು; ಒತ್ತಡ ಏರದೆಯೂ ಕೆಲವರಲ್ಲಿ ನರ ಕೆಡುವುದುಂಟು. ಹಲವರಲ್ಲಿ ನೋವಿಲ್ಲ, ಕೆಂಪಿಲ್ಲ, ಉರಿಯಿಲ್ಲ. ನೋಟದ ಅಂಚುಗಳು ಮೊದಲು ಮಾಯವಾಗುವುವು; ನಡುವಿನ ನೋಟ ಕಡೆಯವರೆಗೂ ಉಳಿದಿರುವುದರಿಂದ ಮನುಷ್ಯನು ಓದುತ್ತಲೂ ಬರೆಯುತ್ತಲೂ ಇದ್ದು ತನಗೇನೂ ಆಗಿಲ್ಲವೆಂದೇ ನಂಬಿರುವನು. ಎಡಬಲದ ಹೊಸ್ತಿಲು ಕಂಬಗಳಿಗೆ ಎಡವತೊಡಗಿದಾಗ ವಯಸ್ಸಾಯಿತೆಂದುಕೊಳ್ಳುವನು. ಅವನು ವೈದ್ಯನಲ್ಲಿಗೆ ಬರುವ ಹೊತ್ತಿಗೆ ಕಳೆದದ್ದು ಕಳೆದೇ ಹೋಗಿರುವುದು. ಆದರೆ ಮುಂಚೆಯೇ ಕಂಡುಹಿಡಿದರೆ ದಿನವೂ ಬಿಡುವ ಹನಿಯಿಂದಲೋ ಲೇಸರ್ ಅಥವಾ ಶಸ್ತ್ರಕ್ರಿಯೆಯಿಂದಲೋ ಉಳಿದ ನೋಟವನ್ನು ಬಹುಮಟ್ಟಿಗೆ ಕಾಪಾಡಬಹುದು. ಸಕ್ಕರೆ ಕಾಯಿಲೆಯವರ ಅಕ್ಷಿಪಟಲದಲ್ಲಿ ಆಗುವ ರಕ್ತಸ್ರಾವದ ಕಥೆಯೂ ಹೀಗೆಯೇ. ಎರಡರಲ್ಲಿಯೂ ರೋಗಿಗೆ ತಿಳಿಯುವುದಕ್ಕೆ ಮುಂಚೆ ವೈದ್ಯನಿಗೆ ತಿಳಿಯಬಲ್ಲುದು; ಆದರೆ ರೋಗಿಯು ಕಣ್ಣನ್ನು ತೋರಿಸಿದರೆ ಮಾತ್ರ.

ತೋರಿಸುವುದೆಂದರೆ ಗೋಡೆಯ ಮೇಲಿನ ಅಕ್ಷರಗಳನ್ನು ಓದಿ ಕನ್ನಡಕದ ನಂಬರು ಬರೆಸಿಕೊಳ್ಳುವುದಷ್ಟೇ ಅಲ್ಲ. ಆ ಅಕ್ಷರಫಲಕವನ್ನು ಹಾಲೆಂಡಿನ ಸ್ನೆಲೆನ್ ರಚಿಸಿದ್ದು ೧೮೬೨ರಲ್ಲಿ. ಅದಕ್ಕೂ ಮುಂಚೆ, ೧೮೫೧ರಲ್ಲಿಯೇ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಜೀವಂತ ಕಣ್ಣಿನ ಒಳಗೋಡೆಯನ್ನು ನೋಡುವ ದರ್ಶಕಯಂತ್ರವನ್ನು ಲೋಕದ ಮುಂದಿಟ್ಟಿದ್ದನು. ಅಕ್ಷರ ಓದುವುದು ಪರೀಕ್ಷೆಯ ಒಂದು ಭಾಗ ಮಾತ್ರ. ಕಣ್ಣಿನ ಒತ್ತಡವನ್ನು ಅಳೆಯಬೇಕು. ಹನಿ ಬಿಟ್ಟು ಪಾಪೆಯನ್ನು ಅಗಲಿಸಿ ಅಕ್ಷಿಪಟಲವನ್ನೂ ನರದ ಬುಡವನ್ನೂ ನೋಡಬೇಕು. ಸಂಶಯ ಬಂದರೆ ನೋಟದ ಹರವನ್ನು ಗುರುತಿಸಬೇಕು. ಇಷ್ಟೂ ನಡೆದರೆ ಅದು ಪೂರ್ಣ ಪರೀಕ್ಷೆ. ನಲವತ್ತು ದಾಟಿ ಚಾಳೀಸು ಬಂದಾಗ ಅಂಗಡಿಯಲ್ಲಿ ಕನ್ನಡಕ ಕೊಂಡು ತೃಪ್ತರಾಗುವ ನಮ್ಮ ವಿದ್ಯಾವಂತರು ಹಲವರು ತಮ್ಮ ಕಣ್ಣಿನ ಒಳಭಾಗವನ್ನು ಒಮ್ಮೆಯೂ ಯಾರಿಗೂ ತೋರಿಸಿರುವುದಿಲ್ಲ.

ಮೋದಿಯವರ ಸೇವೆಗೂ ಅದರದೇ ಆದ ಮಿತಿಗಳಿದ್ದುವು. ಅವುಗಳನ್ನು ಹೇಳುವುದರಿಂದ ಅವರ ಹಿರಿಮೆ ಕುಂದುವುದಿಲ್ಲ. ಶಿಬಿರ ಬರುವುದು ಯಾವಾಗಲೋ ಒಮ್ಮೆ, ಬಂದದ್ದು ಹೊರಟುಹೋಗುವುದು. ಕೊಟ್ಟ ಕನ್ನಡಕ ಒಡೆದರೆ ಕಣ್ಣು ಬಂದವನು ಮತ್ತೆ ಕುರುಡನೇ. ಶಾಲೆ ಛತ್ರಗಳಲ್ಲಿ ಆಸ್ಪತ್ರೆಯ ಶುಚಿತ್ವವನ್ನು ಕಾಯುವುದು ಕಷ್ಟ. ಆಮೇಲಿನ ಆರೈಕೆ ಇನ್ನೂ ಕಷ್ಟ. ಈ ಕಾರಣಗಳಿಂದಲೇ ದೇಶದಲ್ಲಿ ಕ್ರಮೇಣ ಹಳ್ಳಿಯಲ್ಲಿ ಪರೀಕ್ಷೆ, ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಎಂಬ ಪದ್ಧತಿ ನೆಲೆಗೊಂಡಿತು. ವಿದ್ಯೆಯೂ ಬದಲಾಯಿತು. ಇಂಗ್ಲೆಂಡಿನ ಹೆರಾಲ್ಡ್ ರಿಡ್ಲೆ ೧೯೪೯ರಲ್ಲಿ ಮೊದಲು ಅಳವಡಿಸಿದ ಕೃತಕ ಮಸೂರವು, ೧೯೯೨ರಿಂದ ಮಧುರೆಯಲ್ಲಿಯೇ ಅಗ್ಗವಾಗಿ ತಯಾರಾಗತೊಡಗಿ, ನಮ್ಮ ಬಡವರ ಕಣ್ಣಿಗೂ ಎಟುಕಿತು. ಪೊರೆ ಪೂರ್ತಿ ಬಲಿಯುವವರೆಗೆ ಕಾಯಬೇಕೆಂಬ ಹಳೆಯ ನಿಯಮ ಈಗ ಉಳಿದಿಲ್ಲ. ಅತಿಯಾಗಿ ಬಲಿತ ಪೊರೆಯಿಂದಲೇ ಕಣ್ಣಿನ ಒತ್ತಡ ಏರಿ ನೋಟ ಶಾಶ್ವತವಾಗಿ ಹೋಗುವ ಅಪಾಯವುಂಟು. ಆದರೂ ನಮ್ಮ ಹಳ್ಳಿಗಳಲ್ಲಿ ಬಲಿಯಲಿ ಎಂದು ಕಾಯುವ ಹಿರಿಯರು ಇಂದಿಗೂ ಇದ್ದಾರೆ.

ಅಲೆದಾಟದಲ್ಲಿಯೇ ಆಯುಷ್ಯವನ್ನು ಸವೆಸಿದ ಮೋದಿಯವರೂ ನೆಲೆಯಾದ ಆಸ್ಪತ್ರೆಯ ಅಗತ್ಯವನ್ನು ಕಡೆಗಣಿಸಲಿಲ್ಲ. ೧೯೮೦ರಲ್ಲಿ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಅವರ ಧರ್ಮಾರ್ಥ ಕಣ್ಣಿನ ಆಸ್ಪತ್ರೆ ಸ್ಥಾಪನೆಯಾಯಿತು. ಅಲ್ಲಿನ ರಸ್ತೆಗೆ ಇಂದಿಗೂ ಅವರ ಆಸ್ಪತ್ರೆಯ ಹೆಸರೇ ಇದೆ. ತೊಂಬತ್ತರ ಅಂಚಿನಲ್ಲಿದ್ದಾಗ, ೨೦೦೫ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಆ ಹೊತ್ತಿಗೆ ಅವರಿಂದ ಕಣ್ಣು ಪಡೆದ ಮೊದಲ ತಲೆಮಾರಿನವರಲ್ಲಿ ಬಹುಮಂದಿ ಲೋಕವನ್ನು ಬಿಟ್ಟಿದ್ದರು. ಆದರೆ ಅವರ ಮನೆಗಳಲ್ಲಿ, ನಮ್ಮ ಅಜ್ಜನಿಗೆ ಕಣ್ಣು ಬಂದದ್ದು ಮೋದಿ ಡಾಕ್ಟರರಿಂದ ಎಂಬ ನೆನಪು ಉಳಿದಿತ್ತು.

ಈಗ ಮತ್ತೆ ಲಿಂಗನಮಕ್ಕಿಯ ಕಡೆಗೆ ತಿರುಗೋಣ. ಅಣೆಕಟ್ಟಿನ ಹಿನ್ನೀರು ತುಮರಿಯ ಸುತ್ತಣ ಹಳ್ಳಿಗಳನ್ನು ದ್ವೀಪದಂತೆ ಬೇರ್ಪಡಿಸಿತು. ಅಲ್ಲಿನವರು ಸಾಗರದ ಆಸ್ಪತ್ರೆಗೆ ಹೋಗಬೇಕಾದರೆ ಲಾಂಚಿಗೆ ಕಾದು ನೀರು ದಾಟಬೇಕಾಗಿತ್ತು. ಜ್ವರ ಬಂದರೆ, ಹಾವು ಕಚ್ಚಿದರೆ ದಾಟದೆ ವಿಧಿಯಿಲ್ಲ. ಆದರೆ ನೋವಿಲ್ಲದ ಕಣ್ಣಿಗಾಗಿ, ಏನೂ ಆಗಿಲ್ಲವೆಂದು ತೋರುವ ಕಣ್ಣಿಗಾಗಿ ಒಂದು ದಿನದ ಕೂಲಿಯನ್ನು ಬಿಟ್ಟು ಹೊಳೆ ದಾಟುವವರು ಎಷ್ಟು ಮಂದಿ? ೨೦೨೫ರ ಜುಲೈಯಲ್ಲಿ ಸಿಗಂದೂರಿನ ದಾರಿಯಲ್ಲಿ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ಸಂಚಾರಕ್ಕೆ ತೆರೆಯಿತು. ಅರವತ್ತು ವರ್ಷಗಳ ನೀರಿನ ಅಡ್ಡಿ ಅಲ್ಲಿಗೆ ತೀರಿತು. ಇನ್ನುಳಿದದ್ದು ಮನಸ್ಸಿನ ಅಡ್ಡಿ. ಅದು ತುಮರಿಯಲ್ಲಿ ಮಾತ್ರವಲ್ಲ, ಹೊಸನಗರದಲ್ಲಿಯೂ ತೀರ್ಥಹಳ್ಳಿಯಲ್ಲಿಯೂ, ಆಸ್ಪತ್ರೆಗಳ ನಡುವೆಯೇ ಬಾಳುವ ಬೆಂಗಳೂರಿನಲ್ಲಿಯೂ ಇದೆ.

ಮಲೆನಾಡಿನ ದುಡಿಮೆಗೆ ಕಣ್ಣಿನ ಹಂಗು ಹೆಚ್ಚು. ಅಡಕೆಯ ಮರವೇರುವವನಿಗೆ ದೂರದ ಅಂದಾಜು ತಪ್ಪಿದರೆ ಪ್ರಾಣಕ್ಕೇ ಮುಳುವು. ಒಕ್ಕಲಿನ ಕಾಲದಲ್ಲಿ ಬತ್ತದ ಸುಂಕು ತಾಗಿ ಕಣ್ಣು ಹುಣ್ಣಾಗುವುದುಂಟು. ಅದಕ್ಕೆ ಮನೆಯ ಮದ್ದೆಂದು ಸೊಪ್ಪಿನ ರಸ ಹಿಂಡಿ ಕೆಡಿಸಿಕೊಳ್ಳುವುದೂ ಉಂಟು. ಇಂಥ ಪೆಟ್ಟುಗಳು ತಾವಾಗಿ ಮಾತನಾಡುತ್ತವೆ; ವೈದ್ಯನಲ್ಲಿಗೆ ಕರೆದೊಯ್ಯುತ್ತವೆ. ಮಾತನಾಡದ ರೋಗಗಳಿಗೆ ಕಾಲದ ಕಟ್ಟುಪಾಡು ಬೇಕು. ಮಗು ಶಾಲೆಗೆ ಸೇರುವ ಮುಂಚೆ ಒಮ್ಮೆ, ಆಮೇಲೆ ಶಾಲೆಯ ದಿನಗಳಲ್ಲಿ ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು. ನಲವತ್ತು ದಾಟಿದವರು ಎರಡು ವರ್ಷಕ್ಕೊಮ್ಮೆ, ಅರವತ್ತು ದಾಟಿದವರು ವರ್ಷಕ್ಕೊಮ್ಮೆ ತೋರಿಸುವುದು ಕ್ಷೇಮ. ಸಕ್ಕರೆ ಕಾಯಿಲೆಯವರು ಅದು ಗೊತ್ತಾದ ವರ್ಷದಿಂದಲೇ ಆರಂಭಿಸಬೇಕು. ತಂದೆ ತಾಯಿ, ಒಡಹುಟ್ಟಿದವರಲ್ಲಿ ಗ್ಲಾಕೋಮಾ ಇದ್ದವರು ವಯಸ್ಸನ್ನು ಕಾಯದೆ ತೋರಿಸಿಕೊಳ್ಳಬೇಕು.

ಈ ಪುಟವನ್ನು ಓದುವ ಉಪಾಧ್ಯಾಯರ ಮೇಲೆ ಇದರಲ್ಲಿ ವಿಶೇಷವಾದ ಹೊಣೆಯಿದೆ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವ ಹುಡುಗಿ, ಹಲಗೆಯ ಮೇಲಿನದನ್ನು ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುವ ಹುಡುಗ, ಒಂದು ಕಣ್ಣು ಮುಚ್ಚಿ ನೋಡುವ ಮಗು: ಇವರನ್ನು ದಡ್ಡರೆಂದು ತಿಳಿಯುವ ಮುಂಚೆ ಕಣ್ಣಿನ ವೈದ್ಯರಲ್ಲಿಗೆ ಕಳುಹಿಸಬೇಕು. ಒಂದು ಕಣ್ಣು ಮಂದವಾಗಿದ್ದರೆ ಮಗುವಿನ ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಟ್ಟುಬಿಡುವುದು. ಏಳೆಂಟು ವರ್ಷದೊಳಗೆ ಗುರುತಿಸಿದರೆ ಅದನ್ನು ತಿದ್ದುವುದು ಸುಲಭ, ತಡವಾದಷ್ಟೂ ಕಷ್ಟ. ಮಗು ತನಗೆ ಕಾಣುವುದಿಲ್ಲವೆಂದು ತಾನಾಗಿ ಹೇಳದು. ಲೋಕವೆಲ್ಲ ಹಾಗೆಯೇ ಮಸುಕಾಗಿದೆಯೆಂದು ಅದು ತಿಳಿದಿರುತ್ತದೆ.

ಮೋದಿಯವರ ಚರಿತ್ರೆಯನ್ನು ಓದಿದವರು ಅವರಂತೆ ಆರು ಲಕ್ಷ ಶಸ್ತ್ರಕ್ರಿಯೆ ಮಾಡಲಾರರು. ಯಾರೂ ಅದನ್ನು ಅಪೇಕ್ಷಿಸುವುದೂ ಇಲ್ಲ. ಅವರ ಎದುರು ಸಾಲಾಗಿ ನಿಂತ ಒಂದು ಕೋಟಿ ಇಪ್ಪತ್ತೊಂದು ಲಕ್ಷ ಜನರಲ್ಲಿ ಹೆಚ್ಚಿನವರು ಮೇಜನ್ನು ಏರಲಿಲ್ಲ. ಕಣ್ಣು ತೋರಿಸಿ, ಹೇಳಿದ್ದನ್ನು ಕೇಳಿಕೊಂಡು, ನಡೆದು ಮನೆಗೆ ಹೋದರು. ಆ ಕೆಲಸ ಎಲ್ಲರಿಗೂ ಸಾಧ್ಯವಾದದ್ದು. ಅವರು ಆ ಸಾಲಿಗೆ ಬರಲು ಹಗಲೆಲ್ಲ ಗಾಡಿಯಲ್ಲಿ ಬಂದರು. ನಮಗೆ ಅರ್ಧ ದಿನದ ಬಿಡುವು ಸಾಕು.